ವಾಹನದ ಜಾಡು

ಪರಸ್ಥಳಕ್ಕೆ ಹೋದವರು ಅಲ್ಲಿಗೆ ಮುಟ್ಟಿದೊಡನೆ ಮನೆಗೊಂದು ಕಾರ್ಡು ಬರೆದು ಹಾಕಬೇಕೆಂಬುದು ನಮ್ಮ ಹಿರಿಯರು ಪಾಲಿಸಿಕೊಂಡು ಬಂದ ಪದ್ಧತಿಯಾಗಿತ್ತು. ಮುಂಬಯಿಯ ಹೋಟೆಲು ಕೆಲಸಕ್ಕೆಂದು ಹೊರಟ ಮಗನಿಂದ "ಕ್ಷೇಮವಾಗಿ ತಲುಪಿದೆನು" ಎಂಬ ಕಾರ್ಡು ಬಂದು ಕೈಸೇರುವ ತನಕ ತಾಯಿಯ ಮನಸ್ಸಿಗೆ ನೆಮ್ಮದಿಯಿರುತ್ತಿರಲಿಲ್ಲ. ಹೊರಟ ಹೊತ್ತು ತಿಳಿದಿರುತ್ತಿತ್ತು; ತಲುಪಿದ ಸಂಗತಿಯು ಕೆಲವು ದಿನಗಳ ಬಳಿಕವಾದರೂ ತಿಳಿದು ಬರುತ್ತಿತ್ತು. ನಡುವಣ ದಾರಿಯಲ್ಲಿ ಏನು ನಡೆಯುತ್ತಿದೆಯೆಂಬುದನ್ನು ಮಾತ್ರ ಯಾರೂ ಅರಿಯುವಂತಿರಲಿಲ್ಲ.

ಇಂದು ಆ ನಡುವಣ ದಾರಿಯನ್ನೂ ಮನೆಯಲ್ಲಿಯೇ ಕುಳಿತು ನೋಡುವುದು ಸಾಧ್ಯವಾಗಿದೆ. ಮೀನು ಹೇರಿಕೊಂಡು ಹೋದ ಲಾರಿ, ಅಡಿಕೆಯ ಮೂಟೆಗಳನ್ನು ಹೊತ್ತ ಟ್ರಕ್ಕು, ಮಕ್ಕಳನ್ನು ಕರೆತರುವ ಶಾಲೆಯ ಬಸ್ಸು ಇವುಗಳು ಈ ಗಳಿಗೆಯಲ್ಲಿ ಎಲ್ಲಿವೆ, ಎಷ್ಟು ವೇಗದಲ್ಲಿ ಓಡುತ್ತಿವೆ, ಎಲ್ಲಿ ಎಷ್ಟು ಹೊತ್ತು ನಿಂತಿದ್ದುವು ಎಂಬುದನ್ನು ತಿಳಿಸುವ ಉಪಕರಣವು ಬಳಕೆಗೆ ಬಂದಿದೆ. ಜನರು ಅದನ್ನು ಒಟ್ಟಾರೆಯಾಗಿ 'ಜಿಪಿಎಸ್' ಎಂದು ಕರೆಯುವುದುಂಟು. ಹೆಸರು ಎಲ್ಲರ ಬಾಯಲ್ಲಿದ್ದರೂ ಅದು ಕೆಲಸ ಮಾಡುವ ಬಗೆಯನ್ನು ಬಲ್ಲವರು ವಿರಳ. ನಮ್ಮ ವಿದ್ಯಾರ್ಥಿಗಳು ಅದರ ತತ್ತ್ವವನ್ನೂ, ಪೋಷಕರು ಅದರ ಪ್ರಯೋಜನವನ್ನೂ ಮಿತಿಯನ್ನೂ ತಿಳಿದಿರುವುದು ಒಳ್ಳೆಯದೆಂದು ಭಾವಿಸಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ವಾಹನದ ಜಾಡನ್ನು ಹಿಡಿಯಬೇಕೆಂಬ ಬಯಕೆಯು ಹೊಸತೇನೂ ಅಲ್ಲ. 1907ರಲ್ಲಿ ಮಂಗಳೂರಿನವರೆಗೆ ರೈಲುಮಾರ್ಗವು ಬಂದಾಗ ಅದರೊಡನೆ ತಂತಿಯೂ ಬಂದಿತು. ಗಾಡಿಯು ಒಂದು ನಿಲ್ದಾಣವನ್ನು ಬಿಟ್ಟೊಡನೆ ಮುಂದಿನ ನಿಲ್ದಾಣಕ್ಕೆ ಸುದ್ದಿ ಮುಟ್ಟುತ್ತಿತ್ತು. ಸ್ಟೇಶನ್ ಮಾಸ್ತರರು ಹೊತ್ತನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಬಸ್ಸುಗಳಿಗೆ ದಾರಿಯ ಮುಖ್ಯ ನಿಲ್ದಾಣಗಳಲ್ಲಿ ವೇಳೆ ಗುರುತಿಸುವವರು ಇರುತ್ತಿದ್ದರು. ಲಾರಿಯ ಡ್ರೈವರನು ತಾನು ಹೊರಟ ವೇಳೆ, ತಲುಪಿದ ವೇಳೆ, ಮೀಟರಿನ ಅಂಕಿ, ತುಂಬಿಸಿದ ಡೀಸೆಲು ಇವೆಲ್ಲವನ್ನು ಟ್ರಿಪ್ ಶೀಟಿನಲ್ಲಿ ಬರೆದು ಒಡೆಯನಿಗೆ ಒಪ್ಪಿಸುತ್ತಿದ್ದನು. ಇವೆಲ್ಲವೂ ಜಾಡು ಹಿಡಿಯುವ ಉಪಾಯಗಳೇ. ಆದರೆ ಎರಡು ನಿಲ್ದಾಣಗಳ ನಡುವೆ ನಡೆದುದು ಆ ಪುಸ್ತಕಗಳಲ್ಲಿ ಬರುತ್ತಿರಲಿಲ್ಲ.

ಹೊಸ ಉಪಕರಣದಲ್ಲಿ ಎರಡು ಬೇರೆ ಬೇರೆ ಕೆಲಸಗಳು ಅಡಗಿವೆ. ವಾಹನವು ತಾನಿರುವ ಸ್ಥಳವನ್ನು ತಾನು ಅರಿತುಕೊಳ್ಳುವುದು ಮೊದಲನೆಯದು. ಅರಿತುಕೊಂಡುದನ್ನು ದೂರದಲ್ಲಿರುವವರಿಗೆ ತಿಳಿಸುವುದು ಎರಡನೆಯದು. ಇವೆರಡೂ ಒಂದೇ ಎಂದು ಅನೇಕರು ಬಗೆದಿದ್ದಾರೆ. ಹಾಗಲ್ಲವೆಂಬುದನ್ನು ನಮ್ಮ ಕರಾವಳಿಯಲ್ಲಿಯೇ ನಡೆದ ದುಃಖಕರವಾದ ಸಂಗತಿಯೊಂದು ತೋರಿಸಿಕೊಟ್ಟಿತು. 2018ರ ದಶಂಬರ 13ರಂದು ಉಡುಪಿ ಜಿಲ್ಲೆಯ ಮಲ್ಪೆ ಬಂದರಿನಿಂದ 'ಸುವರ್ಣ ತ್ರಿಭುಜ' ಎಂಬ ಮೀನುಗಾರಿಕೆಯ ದೋಣಿಯು ಏಳು ಮಂದಿಯೊಡನೆ ಆಳಸಮುದ್ರಕ್ಕೆ ಹೊರಟಿತು. ದಶಂಬರ 15ರ ಬಳಿಕ ಅದರ ಸುದ್ದಿಯೇ ಇಲ್ಲದಾಯಿತು. ಹಡಗುಗಳೂ ವಿಮಾನಗಳೂ ಹುಡುಕಿದುವು. ಮೀನುಗಾರರು ಬೀದಿಗಿಳಿದು ಮೊರೆಯಿಟ್ಟರು. ಕಟ್ಟಕಡೆಗೆ 2019ರ ಮೇ ತಿಂಗಳ ಆರಂಭದಲ್ಲಿ, ಅಂದರೆ ನಾಲ್ಕೂವರೆ ತಿಂಗಳುಗಳ ಮೇಲೆ, ನೌಕಾಪಡೆಯ 'ನಿರೀಕ್ಷಕ' ಹಡಗು ಮಹಾರಾಷ್ಟ್ರದ ಮಾಲ್ವಣದಾಚೆಯ ಕಡಲತಳದಲ್ಲಿ ಅದರ ಅವಶೇಷವನ್ನು ಕಂಡುಹಿಡಿಯಿತು. ಏಳು ಮನೆಗಳವರು ಅಷ್ಟು ಕಾಲವೂ ಆಸೆನಿರಾಸೆಗಳ ನಡುವೆ ತೊಳಲಬೇಕಾಯಿತು.

ಆಳಸಮುದ್ರಕ್ಕೆ ಹೋಗುವ ದೋಣಿಗಳಲ್ಲಿ ಸ್ಥಳ ತೋರಿಸುವ ಉಪಕರಣವಿರುವುದು ಇಂದು ಸಾಮಾನ್ಯ. ಮೀನು ಹೆಚ್ಚು ಸಿಕ್ಕಿದ ಜಾಗವನ್ನು ಅದರಲ್ಲಿ ಗುರುತುಮಾಡಿಕೊಂಡು ತಂಡೇಲನು ಮತ್ತೆ ಅಲ್ಲಿಗೇ ಹೋಗಬಲ್ಲನು. ಆದರೆ ದೋಣಿಯಲ್ಲಿರುವ ತಂಡೇಲನಿಗೆ ತಿಳಿದ ಸ್ಥಳವು ದಡದಲ್ಲಿರುವವರಿಗೆ ತಾನಾಗಿಯೇ ತಿಳಿಯುವುದಿಲ್ಲ. ಅರಿಯುವುದು ಬೇರೆ, ಅರುಹುವುದು ಬೇರೆ. ಆದುದರಿಂದ ಈ ಎರಡು ಕೆಲಸಗಳನ್ನು ಒಂದೊಂದಾಗಿ ವಿಚಾರಿಸೋಣ.

ಮೊದಲನೆಯದನ್ನು ತಿಳಿಯಲು ವಿದ್ಯಾರ್ಥಿಗಳು ಶಾಲೆಯ ಅಂಗಳದಲ್ಲಿ ಒಂದು ಆಟವನ್ನು ಆಡಿ ನೋಡಬಹುದು. ಅಂಗಳದಲ್ಲಿ ಮೂರು ಗೂಟಗಳನ್ನು ಒಂದೇ ಸಾಲಿನಲ್ಲಿ ಬಾರದಂತೆ ದೂರದೂರದಲ್ಲಿ ನೆಡಿರಿ. ಎಲ್ಲಿಯಾದರೂ ಒಂದು ನಾಣ್ಯವನ್ನಿಟ್ಟು, ಪ್ರತಿಯೊಂದು ಗೂಟದಿಂದ ಅದಕ್ಕಿರುವ ದೂರವನ್ನು ಅಳೆದು, ಅಷ್ಟಷ್ಟೇ ಉದ್ದದ ಮೂರು ಹಗ್ಗಗಳನ್ನು ಕತ್ತರಿಸಿಕೊಳ್ಳಿರಿ. ಆಮೇಲೆ ನಾಣ್ಯವನ್ನು ತೆಗೆದುಬಿಡಿರಿ. ಅದು ಇದ್ದ ಜಾಗವನ್ನು ನೋಡಿರದ ಗೆಳೆಯನೊಬ್ಬನನ್ನು ಕರೆದು ಹುಡುಕಲು ಹೇಳಿರಿ. ಮೊದಲನೆಯ ಗೂಟಕ್ಕೆ ಹಗ್ಗವನ್ನು ಕಟ್ಟಿ ಬಿಗಿಯಾಗಿ ಎಳೆದುಕೊಂಡು ನಡೆದರೆ ನೆಲದ ಮೇಲೆ ಒಂದು ವೃತ್ತವು ಮೂಡುವುದು. ನಾಣ್ಯವು ಆ ವೃತ್ತದ ಮೇಲೆ ಎಲ್ಲಿಯೂ ಇದ್ದಿರಬಹುದು. ಎರಡನೆಯ ಹಗ್ಗದಿಂದ ಇನ್ನೊಂದು ವೃತ್ತವನ್ನೆಳೆದರೆ ಅದು ಮೊದಲನೆಯದನ್ನು ಎರಡು ಕಡೆಗಳಲ್ಲಿ ಕತ್ತರಿಸುವುದು. ಮೂರನೆಯ ಹಗ್ಗವು ಆ ಎರಡರಲ್ಲಿ ಒಂದನ್ನು ಮಾತ್ರ ಮುಟ್ಟುವುದು. ಅದುವೇ ನಾಣ್ಯವಿದ್ದ ಜಾಗ. ಗೂಟಗಳಿರುವ ಸ್ಥಳಗಳೂ ಅವುಗಳಿಂದ ಇರುವ ದೂರಗಳೂ ತಿಳಿದಿದ್ದರೆ ಅಜ್ಞಾತವಾದ ಸ್ಥಳವನ್ನು ನಿಶ್ಚಯಿಸಬಹುದೆಂಬುದು ಇದರ ಸಾರಾಂಶ. ರೇಖಾಗಣಿತವನ್ನು ಓದುವುದರಿಂದ ಏನು ಪ್ರಯೋಜನವೆಂದು ಕೇಳುವ ಬಾಲಕರಿಗೆ ಇದೊಂದು ಉತ್ತರವಾಗಿದೆ.

ಗೂಟಗಳ ಬದಲಿಗೆ ಆಕಾಶದಲ್ಲಿ ತಿರುಗುವ ಕೃತಕ ಉಪಗ್ರಹಗಳನ್ನು ಊಹಿಸಿಕೊಳ್ಳಿರಿ. ಅಮೆರಿಕದವರ ಜಿಪಿಎಸ್ ವ್ಯವಸ್ಥೆಯ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ, ಹೆಚ್ಚುಕಡಿಮೆ ಹನ್ನೆರಡು ಗಂಟೆಗಳಿಗೊಂದು ಸುತ್ತಿನಂತೆ ಭೂಮಿಯನ್ನು ಸುತ್ತುತ್ತವೆ. ಅವು 24ಕ್ಕೆ ಕಡಮೆಯಾಗದಂತೆ ನೋಡಿಕೊಳ್ಳುವುದರಿಂದ ಯಾವ ಊರಿನಲ್ಲಿ ಯಾವ ಹೊತ್ತಿನಲ್ಲಿ ನಿಂತರೂ ನಾಲ್ಕಕ್ಕೆ ಕಡಮೆಯಿಲ್ಲದಷ್ಟು ಉಪಗ್ರಹಗಳು ದಿಗಂತದ ಮೇಲಿರುತ್ತವೆ. ಪ್ರತಿಯೊಂದು ಉಪಗ್ರಹವೂ "ನಾನು ಇಂಥ ಜಾಗದಲ್ಲಿದ್ದೇನೆ, ಈಗ ಇಷ್ಟು ಹೊತ್ತಾಗಿದೆ" ಎಂಬ ಸಂದೇಶವನ್ನು ರೇಡಿಯೋ ಅಲೆಗಳ ಮೂಲಕ ಎಡೆಬಿಡದೆ ಸಾರುತ್ತಿರುತ್ತದೆ. ವಾಹನದಲ್ಲಿರುವ ಗ್ರಾಹಕಯಂತ್ರವು ಅದನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೆ. ಅದು ಉಪಗ್ರಹಕ್ಕೆ ಮರುಮಾತನ್ನು ಹೇಳುವುದಿಲ್ಲ. ಉಪಗ್ರಹವೇ ಮೇಲಿನಿಂದ ನಮ್ಮ ಲಾರಿಯನ್ನು ನೋಡುತ್ತಿರುತ್ತದೆಂದು ಕೆಲವರು ನಂಬಿದ್ದಾರೆ. ಅದು ತಪ್ಪು ಕಲ್ಪನೆ.

ಇನ್ನು ದೂರವನ್ನು ಅಳೆಯುವ ಹಗ್ಗ ಯಾವುದು? ಕಾಲವೇ ಆ ಹಗ್ಗ. ರೇಡಿಯೋ ಅಲೆಯು ಬೆಳಕಿನ ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರಿನಂತೆ ಸಾಗುತ್ತದೆ. ಉಪಗ್ರಹವು ನೆತ್ತಿಯ ಮೇಲಿದ್ದರೆ ಅದರ ಸಂದೇಶವು ನಮಗೆ ಮುಟ್ಟಲು ಒಂದು ಸೆಕೆಂಡಿನ ಹದಿನೈದನೆಯ ಒಂದು ಪಾಲು ಸಾಕು. ಹೊರಟ ಹೊತ್ತು ಸಂದೇಶದಲ್ಲಿಯೇ ಇದೆ; ಮುಟ್ಟಿದ ಹೊತ್ತನ್ನು ಗ್ರಾಹಕಯಂತ್ರವು ನೋಡಿಕೊಳ್ಳುತ್ತದೆ; ನಡುವಣ ಅವಧಿಯನ್ನು ವೇಗದಿಂದ ಗುಣಿಸಿದರೆ ದೂರ ಸಿಕ್ಕಿತು. ಏಳನೆಯ ತರಗತಿಯ ಬಾಲಕನೂ ಮಾಡಬಲ್ಲ ಲೆಕ್ಕವಿದು. ಕಷ್ಟವಿರುವುದು ಗಡಿಯಾರದಲ್ಲಿ. ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಷ್ಟು ಗಡಿಯಾರ ತಪ್ಪಿದರೂ ದೂರದ ಅಳತೆಯು 300 ಮೀಟರ್ ತಪ್ಪಿಹೋಗುವುದು. ಆದಕಾರಣ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳನ್ನು ಇರಿಸುತ್ತಾರೆ. ಅಷ್ಟು ಬೆಲೆಬಾಳುವ ಗಡಿಯಾರವನ್ನು ಲಾರಿಯಲ್ಲಿಡುವುದು ಆಗದ ಮಾತು. ಹಾಗಾಗಿ ಮೂರು ಉಪಗ್ರಹಗಳ ಜತೆಗೆ ನಾಲ್ಕನೆಯ ಉಪಗ್ರಹದ ಸಂದೇಶವನ್ನೂ ತೆಗೆದುಕೊಂಡು, ಗ್ರಾಹಕಯಂತ್ರವು ತನ್ನ ಸಾಮಾನ್ಯ ಗಡಿಯಾರದ ತಪ್ಪನ್ನು ತಾನೇ ಲೆಕ್ಕಹಾಕಿ ತಿದ್ದಿಕೊಳ್ಳುತ್ತದೆ.

ಇಲ್ಲಿ ಐನ್‌ಸ್ಟೈನರ ಸಾಪೇಕ್ಷತಾವಾದವೂ ಬಂದು ಸೇರುವುದೊಂದು ಸೋಜಿಗ. ಉಪಗ್ರಹದ ವೇಗದ ದೆಸೆಯಿಂದ ಅಲ್ಲಿನ ಗಡಿಯಾರ ತುಸು ನಿಧಾನವಾಗುತ್ತದೆ. ಅಲ್ಲಿ ಗುರುತ್ವಾಕರ್ಷಣೆಯು ಕಡಮೆಯಿರುವ ದೆಸೆಯಿಂದ ಅದಕ್ಕಿಂತ ಹೆಚ್ಚಾಗಿ ಮುಂದೆ ಓಡುತ್ತದೆ. ಎರಡನ್ನೂ ಕೂಡಿಸಿ ನೋಡಿದರೆ ದಿನವೊಂದಕ್ಕೆ ಸೆಕೆಂಡಿನ ಹತ್ತು ಲಕ್ಷದ 38 ಪಾಲಿನಷ್ಟು ಅದು ಮುಂದಾಗುವುದು. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಸ್ಥಳದ ತಪ್ಪು ಒಂದೇ ದಿನದಲ್ಲಿ ಸುಮಾರು 10 ಕಿಲೋಮೀಟರಿನಷ್ಟು ಬೆಳೆದುಬಿಡುವುದು. ಮಂಜೇಶ್ವರದಲ್ಲಿ ನಿಂತ ಲಾರಿಯು ನಡುಗಡಲಿನಲ್ಲಿ ಇರುವಂತೆ ತೋರಬಹುದು! ಕಾಗದದ ಮೇಲೆ ಬರೆದ ಕೇವಲ ಸಿದ್ಧಾಂತವೆಂದು ಜನರು ಬಗೆದಿದ್ದುದು ಇಂದು ಮೀನಿನ ಲಾರಿಗೂ ಬೇಕಾಗಿದೆ.

ಹೀಗೆ ದೊರೆತ ಸ್ಥಳವನ್ನು ಯಂತ್ರವು ಅಕ್ಷಾಂಶ ರೇಖಾಂಶಗಳಾಗಿ ಹೇಳುತ್ತದೆ. ನಮ್ಮ ಮಂಜೇಶ್ವರವು ಸುಮಾರು 12.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿಯೂ 74.9 ಡಿಗ್ರಿ ಪೂರ್ವ ರೇಖಾಂಶದಲ್ಲಿಯೂ ಇದೆ. ಅಕ್ಷಾಂಶದ ಒಂದು ಡಿಗ್ರಿಯೆಂದರೆ ನೆಲದ ಮೇಲೆ ಸುಮಾರು 111 ಕಿಲೋಮೀಟರ್. ದಶಾಂಶದ ಒಂದು ಸ್ಥಾನವೆಂದರೆ 11 ಕಿಲೋಮೀಟರ್. ನಾಲ್ಕು ಸ್ಥಾನಗಳಾದರೆ 11 ಮೀಟರ್. ಬಯಲಿನಲ್ಲಿ ನಿಂತ ಸಾಧಾರಣ ಉಪಕರಣವು ಕೆಲವೇ ಮೀಟರುಗಳ ಅಂತರದೊಳಗೆ ಸ್ಥಳವನ್ನು ಸರಿಯಾಗಿ ಹೇಳಬಲ್ಲದು. ದಶಾಂಶ ಬಿಂದುವನ್ನು ಇಡುವುದರಲ್ಲಿ ಅಲಕ್ಷ್ಯ ತೋರುವ ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡಬೇಕು.

ಅಮೆರಿಕದ ರಕ್ಷಣಾ ಇಲಾಖೆಯು ಈ ವ್ಯವಸ್ಥೆಯನ್ನು 1973ರಲ್ಲಿ ತನ್ನ ಸೇನೆಗಾಗಿ ಆರಂಭಿಸಿತು. ಮೊದಲ ಉಪಗ್ರಹವು 1978ರಲ್ಲಿ ಮೇಲೇರಿತು. 1983ರ ಸೆಪ್ಟೆಂಬರಿನಲ್ಲಿ ಕೊರಿಯಾದ ಪ್ರಯಾಣಿಕ ವಿಮಾನವೊಂದು ದಾರಿತಪ್ಪಿ ಸೋವಿಯತ್ ವಾಯುಪ್ರದೇಶವನ್ನು ಹೊಕ್ಕು, ಹೊಡೆದುರುಳಿಸಲ್ಪಟ್ಟು, 269 ಮಂದಿ ಮಡಿದರು. ಆ ಬಳಿಕ ಅಧ್ಯಕ್ಷ ರೇಗನ್ ಈ ಸೌಲಭ್ಯವನ್ನು ನಾಗರಿಕರಿಗೂ ತೆರೆದಿಡುವುದಾಗಿ ಸಾರಿದರು. 1995ರಲ್ಲಿ ವ್ಯವಸ್ಥೆಯು ಪೂರ್ಣವಾಯಿತು. ಆದರೂ ನಾಗರಿಕರಿಗೆ ಸಿಗುವ ಸಂಕೇತದಲ್ಲಿ ಬೇಕೆಂದೇ ತಪ್ಪನ್ನು ಬೆರೆಸುತ್ತಿದ್ದರು. 2000ದ ಮೇ ತಿಂಗಳಿನಲ್ಲಿ ಆ ಬೆರಕೆಯನ್ನು ನಿಲ್ಲಿಸಿದ ಮೇಲೆಯೇ ವ್ಯಾಪಾರಿಗಳಿಗೆ ಇದು ನಿಜವಾಗಿ ಉಪಯುಕ್ತವಾಯಿತು.

ಪರದೇಶದ ಕೈಯಲ್ಲಿರುವ ದೀಪವನ್ನೇ ಸದಾ ನಂಬಿಕೊಂಡಿರುವುದು ಸ್ವತಂತ್ರ ರಾಷ್ಟ್ರಕ್ಕೆ ತರವಲ್ಲ. ಆದುದರಿಂದ ನಮ್ಮ ಇಸ್ರೋ ಸಂಸ್ಥೆಯು 2013ರ ಜುಲೈ 1ರಂದು ತನ್ನ ಮೊದಲ ದಿಕ್ಸೂಚಕ ಉಪಗ್ರಹವನ್ನು ಹಾರಿಸಿತು. 2016ರ ಎಪ್ರಿಲ್ 28ರಂದು ಏಳನೆಯದು ಮೇಲೇರಿತು. ಈ ಬಳಗಕ್ಕೆ 'ನಾವಿಕ್' ಎಂಬ ಹೆಸರನ್ನಿಟ್ಟಿದ್ದಾರೆ. ಇದು ಭಾರತಕ್ಕೂ ಅದರ ಎಲ್ಲೆಯಿಂದ ಸುಮಾರು 1,500 ಕಿಲೋಮೀಟರ್ ದೂರದವರೆಗಿನ ಪ್ರದೇಶಕ್ಕೂ ಉದ್ದೇಶಿಸಲ್ಪಟ್ಟುದು. ಇದರ ನಿರ್ವಹಣೆಯ ಕೇಂದ್ರವಿರುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳು ಎಂಬ ಹಳ್ಳಿಯಲ್ಲಿ ಎಂಬುದು ಕನ್ನಡಿಗರಿಗೆ ಅಭಿಮಾನದ ವಿಷಯ. ದಾರಿಯಲ್ಲಿ ಎಡರುಗಳು ಬಾರದಿರಲಿಲ್ಲ. ಹೊರದೇಶದಿಂದ ತರಿಸಿದ್ದ ಪರಮಾಣು ಗಡಿಯಾರಗಳಲ್ಲಿ ಕೆಲವು ಕೆಟ್ಟು ನಿಂತುವು. ನಮ್ಮವರು ಧೃತಿಗೆಡದೆ ರುಬಿಡಿಯಂ ಗಡಿಯಾರವನ್ನು ಇಲ್ಲಿಯೇ ನಿರ್ಮಿಸಿ 2023ರ ಮೇ 29ರಂದು ಹಾರಿದ ಉಪಗ್ರಹದಲ್ಲಿ ಅಳವಡಿಸಿದರು. 2025ರ ಜನವರಿಯಲ್ಲಿ ಹಾರಿಸಿದ ಮುಂದಿನ ಉಪಗ್ರಹವು ಮಾತ್ರ ಉದ್ದೇಶಿಸಿದ ಕಕ್ಷೆಯನ್ನು ಸೇರಲಾರದೆ ಹೋಯಿತು. ಸೋಲು ಗೆಲವುಗಳ ನಡುವೆಯೇ ವಿಜ್ಞಾನವು ಮುಂದುವರಿಯುತ್ತದೆಂಬುದಕ್ಕೆ ಇದೇ ನಿದರ್ಶನ.

ಇನ್ನು ಎರಡನೆಯ ಕೆಲಸ, ಅಂದರೆ ಅರಿತುದನ್ನು ಅರುಹುವುದು. ವಾಹನದಲ್ಲಿ ಕೂರಿಸುವ ಪೆಟ್ಟಿಗೆಯು ಅಂಗೈಯಗಲದ್ದು. ಅದರೊಳಗೆ ಉಪಗ್ರಹದ ಸಂಕೇತವನ್ನು ಹಿಡಿಯುವ ಗ್ರಾಹಕಯಂತ್ರವೊಂದು, ಮೊಬೈಲು ಫೋನಿನಲ್ಲಿರುವಂತಹ ಸಿಮ್ ಕಾರ್ಡೊಂದು, ವಾಹನದ ಬ್ಯಾಟರಿಯನ್ನು ಕಳಚಿದರೂ ಕೆಲವು ಗಂಟೆಗಳ ಕಾಲ ನಡೆಯಬಲ್ಲ ಸಣ್ಣ ಬ್ಯಾಟರಿಯೊಂದು ಇರುತ್ತವೆ. ಇಂಜಿನು ನಡೆಯುತ್ತಿದೆಯೋ ನಿಂತಿದೆಯೋ ಎಂದು ತಿಳಿಯಲು ಚಾವಿಯ ತಂತಿಗೂ ಅದನ್ನು ಜೋಡಿಸುತ್ತಾರೆ. ಕೆಲವು ಸೆಕೆಂಡುಗಳಿಗೊಮ್ಮೆಯೋ ಕೆಲವು ನಿಮಿಷಗಳಿಗೊಮ್ಮೆಯೋ ಪೆಟ್ಟಿಗೆಯು ಸ್ಥಳ, ಹೊತ್ತು, ವೇಗ, ದಿಕ್ಕು ಇವುಗಳನ್ನು ಒಂದು ಪುಟ್ಟ ಸಂದೇಶವನ್ನಾಗಿ ಮಾಡಿ ಹತ್ತಿರದ ಮೊಬೈಲು ಗೋಪುರಕ್ಕೆ ಕಳುಹಿಸುತ್ತದೆ. ಅಲ್ಲಿಂದ ಅದು ಸರ್ವರ್ ಎಂಬ ದೂರದ ಗಣಕಯಂತ್ರವನ್ನು ಸೇರುತ್ತದೆ. ಅಲ್ಲಿ ಅಂಕಿಗಳು ಭೂಪಟದ ಮೇಲಿನ ಚುಕ್ಕೆಗಳಾಗಿ ಒಡೆಯನ ಫೋನಿನಲ್ಲಿ ಕಾಣುತ್ತವೆ. ಚುಕ್ಕೆಗಳನ್ನು ಸೇರಿಸಿದರೆ ಜಾಡು. ಘಟ್ಟದ ದಾರಿಯಲ್ಲಿ ಮೊಬೈಲು ಗೋಪುರವು ಸಿಗದಿದ್ದರೆ ಪೆಟ್ಟಿಗೆಯು ಸಂದೇಶಗಳನ್ನು ತನ್ನ ನೆನಪಿನಲ್ಲಿ ಕೂಡಿಟ್ಟುಕೊಂಡು ಸಂಪರ್ಕ ದೊರೆತೊಡನೆ ಒಟ್ಟಿಗೆ ಕಳುಹಿಸುತ್ತದೆ. ಕಡಲಿನ ನಡುವೆಯಾದರೋ ಮೊಬೈಲು ಗೋಪುರವೇ ಇಲ್ಲ. ಅಲ್ಲಿ ಸುದ್ದಿ ಮುಟ್ಟಿಸುವುದಕ್ಕೂ ಉಪಗ್ರಹವೇ ಬೇಕು. 2017ರ ಕೊನೆಯಲ್ಲಿ ಓಖಿ ಚಂಡಮಾರುತವು ಕೇರಳ ಮತ್ತು ತಮಿಳುನಾಡುಗಳ ಅನೇಕ ಮೀನುಗಾರರನ್ನು ನುಂಗಿದ ಮೇಲೆ ಈ ಅಗತ್ಯವು ಎಲ್ಲರ ಮನಸ್ಸಿಗೆ ಬಂದಿತು. ಒಂದು ಲಕ್ಷ ದೋಣಿಗಳಿಗೆ ಎರಡೂ ಕಡೆಯಿಂದ ಸಂದೇಶ ನಡೆಸಬಲ್ಲ ಉಪಕರಣಗಳನ್ನು ಒದಗಿಸುವ ಯೋಜನೆಯನ್ನು ಕೇಂದ್ರ ಸರಕಾರವು 2024ರ ಆಗಸ್ಟ್ 30ರಂದು ಮಹಾರಾಷ್ಟ್ರದ ಪಾಲ್ಘರಿನಲ್ಲಿ ಆರಂಭಿಸಿತು.

ಪ್ರಸಂಗವಶಾತ್ ಇನ್ನೊಂದು ಮಾತು. ತಲಪಾಡಿಯ ಟೋಲ್ ಗೇಟಿನಲ್ಲಿ ಕಾರಿನ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಚೀಟಿಯನ್ನು ಯಂತ್ರವು ಓದಿ ಸುಂಕವನ್ನು ಕಳೆದುಕೊಳ್ಳುವುದನ್ನು ಎಲ್ಲರೂ ನೋಡಿದ್ದೇವೆ. 2021ರ ಫೆಬ್ರವರಿಯಿಂದ ಅದು ದೇಶದಲ್ಲೆಲ್ಲ ಕಡ್ಡಾಯವಾಯಿತು. ಅದೂ ಜಾಡು ಹಿಡಿಯುವ ಉಪಕರಣವೆಂದು ತಿಳಿಯಬಾರದು. ಅದರ ಯಂತ್ರಕ್ಕೆ ಗೇಟನ್ನು ದಾಟಿದ ಹೊತ್ತು ಮಾತ್ರ ಗೊತ್ತು. ಅದು ಹಳೆಯ ಸ್ಟೇಶನ್ ಮಾಸ್ತರರ ಪುಸ್ತಕವನ್ನೇ ಹೋಲುತ್ತದೆ.

ಇನ್ನು ವ್ಯಾಪಾರಕ್ಕೆ ಇದರಿಂದಾಗುವ ಪ್ರಯೋಜನವನ್ನು ನೋಡೋಣ. ಮಂಜೇಶ್ವರದ ಮೀನುಗಾರಿಕಾ ಬಂದರು 2020ರಲ್ಲಿ ಉದ್ಘಾಟನೆಗೊಂಡಿತು. ಮೀನಿನ ವ್ಯಾಪಾರದಲ್ಲಿ ಹೊತ್ತೇ ಹಣ. ಐಸಿನಲ್ಲಿ ಹೂತಿಟ್ಟ ಮೀನು ಹೊರಟ ಗಳಿಗೆಯಿಂದಲೇ ತನ್ನ ಬೆಲೆಯನ್ನು ಕಳೆದುಕೊಳ್ಳತೊಡಗುತ್ತದೆ. ಲಾರಿಯು ಯಾವ ಹೊತ್ತಿಗೆ ಮಾರುಕಟ್ಟೆಯನ್ನು ಸೇರುವುದೆಂದು ಮುಂಚಿತವಾಗಿ ತಿಳಿದರೆ ಅಲ್ಲಿನ ವ್ಯಾಪಾರಿಯು ಇಳಿಸುವ ಆಳುಗಳನ್ನು ಸಿದ್ಧವಾಗಿ ಇಟ್ಟಿರಬಲ್ಲನು. ಶೀತಲ ವಾಹನಗಳಲ್ಲಿ ಪೆಟ್ಟಿಗೆಗೆ ಉಷ್ಣಮಾಪಕವನ್ನೂ ಜೋಡಿಸುತ್ತಾರೆ. ಒಳಗೆ ಬಿಸಿಯೇರಿದರೆ ಎಚ್ಚರಿಕೆಯು ಒಡನೆಯೇ ಬರುತ್ತದೆ.

ಅಡಿಕೆಯ ಸಂಗತಿ ಬೇರೆ. ಅದು ಕೆಡುವ ಸರಕಲ್ಲ, ಬೆಲೆಬಾಳುವ ಸರಕು. 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಗೊಂಡ ಕ್ಯಾಂಪ್ಕೋ ಸಂಸ್ಥೆಯು ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರದ್ದೆಂಬುದನ್ನು ಇಲ್ಲಿನ ಪ್ರತಿಯೊಬ್ಬ ಕೃಷಿಕನೂ ಬಲ್ಲನು. ನಮ್ಮ ಸೀಮೆಯ ಅಡಿಕೆಯು ಬಹುಪಾಲು ಉತ್ತರ ಹಿಂದುಸ್ಥಾನಕ್ಕೆ ಹೋಗುತ್ತದೆ. ಒಂದು ಲಾರಿಯಲ್ಲಿ 10 ಟನ್ ಅಡಿಕೆಯಿದ್ದು, ಕಿಲೋವಿಗೆ 400 ರೂಪಾಯಿಯೆಂದು ಇಟ್ಟುಕೊಂಡರೆ ಅದರ ಬೆಲೆ 40 ಲಕ್ಷ ರೂಪಾಯಿಗಳಾಯಿತು. ಹಲವು ದಿನಗಳ ದಾರಿಯಲ್ಲಿ ಅಷ್ಟು ಸಂಪತ್ತು ಸಾಗುವಾಗ ಒಡೆಯನು ನಿಶ್ಚಿಂತನಾಗಿರಲು ಹೇಗೆ ಸಾಧ್ಯ? ಇಂತಹ ಲಾರಿಗಳಿಗೆ ಭೂಪಟದ ಮೇಲೆ ಒಂದು ಲಕ್ಷ್ಮಣರೇಖೆಯನ್ನು ಎಳೆದಿಡುವ ಅನುಕೂಲವಿದೆ. ಗೊತ್ತುಪಡಿಸಿದ ದಾರಿಯನ್ನು ಬಿಟ್ಟು ಲಾರಿಯು ರೇಖೆಯನ್ನು ದಾಟಿದರೆ, ಇಲ್ಲವೆ ನಡುರಾತ್ರಿಯಲ್ಲಿ ನಿಲ್ಲಬಾರದ ಕಡೆಯಲ್ಲಿ ನಿಂತರೆ, ಒಡೆಯನಿಗೆ ಕೂಡಲೇ ತಿಳಿಯುತ್ತದೆ.

ಇಂಧನದ ಉಳಿತಾಯವು ಮತ್ತೊಂದು ಲಾಭ. ವಿದ್ಯಾರ್ಥಿಗಳು ಈ ಲೆಕ್ಕವನ್ನು ಮಾಡಿ ನೋಡಲಿ: ಲಾರಿಯೊಂದು ಇಂಜಿನನ್ನು ನಿಲ್ಲಿಸದೆ ನಿಂತಲ್ಲಿಯೇ ದಿನಕ್ಕೆ ಒಂದೂವರೆ ಗಂಟೆ ಕಾಲ ಗಂಟೆಗೆ 2 ಲೀಟರಿನಂತೆ ಡೀಸೆಲನ್ನು ಸುಡುವುದೆಂದು ಊಹಿಸೋಣ. ದಿನಕ್ಕೆ 3 ಲೀಟರ್. ತಿಂಗಳಿಗೆ 25 ದಿನ ಓಡಿದರೆ 75 ಲೀಟರ್. ಹತ್ತು ಲಾರಿಗಳಿರುವ ಒಡೆಯನಿಗೆ 750 ಲೀಟರ್. ಲೀಟರಿಗೆ 90 ರೂಪಾಯಿಯಂತೆ ಹಿಡಿದರೆ ಒಂದೇ ತಿಂಗಳಿನಲ್ಲಿ 67,500 ರೂಪಾಯಿಗಳು ಹೊಗೆಯಾಗಿ ಹೋದುವು. ಟ್ರಿಪ್ ಶೀಟಿನಲ್ಲಿ ಈ ನಷ್ಟವು ಕಾಣುತ್ತಿರಲಿಲ್ಲ. ಇಂಜಿನು ನಡೆಯುತ್ತಿದ್ದರೂ ವಾಹನವು ಚಲಿಸದಿದ್ದ ಹೊತ್ತನ್ನು ಪೆಟ್ಟಿಗೆಯು ಪ್ರತ್ಯೇಕವಾಗಿ ತೋರಿಸುತ್ತದೆ.

ಸಾರ್ವಜನಿಕ ಸಾರಿಗೆಗೂ ಇದು ಒದಗಿದೆ. 2012ರಲ್ಲಿ ಮೈಸೂರಿನ ಸುಮಾರು 500 ನಗರಸಾರಿಗೆ ಬಸ್ಸುಗಳಿಗೆ ಈ ಏರ್ಪಾಡನ್ನು ಮಾಡಿ, ಮುಂದಿನ ಬಸ್ಸು ಎಷ್ಟು ನಿಮಿಷಗಳಲ್ಲಿ ಬರುವುದೆಂದು ನಿಲ್ದಾಣದ ಫಲಕದಲ್ಲಿ ತೋರಿಸುವಂತೆ ಮಾಡಿದರು. ಬಿಸಿಲಿನಲ್ಲಿ ನಿಂತು ಕಾಯುವವರಿಗೆ ಬಸ್ಸು ಬೇಗನೆ ಬಾರದಿದ್ದರೂ ಬರುವ ಹೊತ್ತು ತಿಳಿದರೆ ಅದೇ ಒಂದು ಸಮಾಧಾನ. ರೈಲ್ವೆಯವರು ಇಸ್ರೋವಿನ ಸಹಾಯದಿಂದ ಅನೇಕ ಇಂಜಿನುಗಳಲ್ಲಿ ಇಂತಹ ಯಂತ್ರವನ್ನಿರಿಸಿದ್ದಾರೆ. ಅದು 30 ಸೆಕೆಂಡುಗಳಿಗೊಮ್ಮೆ ಗಾಡಿಯ ಇರವನ್ನು ತಿಳಿಸುತ್ತದೆ.

2012ರ ದಶಂಬರಿನಲ್ಲಿ ದೆಹಲಿಯ ಬಸ್ಸೊಂದರಲ್ಲಿ ತರುಣಿಯೊಬ್ಬಳ ಮೇಲೆ ನಡೆದ ಘೋರ ಅತ್ಯಾಚಾರದ ಬಳಿಕ ಪ್ರಯಾಣಿಕರ ಸುರಕ್ಷಿತತೆಯ ಪ್ರಶ್ನೆಯು ಮುಂದೆ ಬಂದಿತು. 2019ರ ಜನವರಿ 1ರಿಂದ ಹೊಸದಾಗಿ ನೋಂದಣಿಯಾಗುವ ಬಸ್ಸು, ಟ್ಯಾಕ್ಸಿ ಮೊದಲಾದ ಪ್ರಯಾಣಿಕ ವಾಹನಗಳಲ್ಲಿ ಜಾಡು ತಿಳಿಸುವ ಪೆಟ್ಟಿಗೆಯೂ ಆಪತ್ತಿನಲ್ಲಿ ಒತ್ತುವ ಗುಂಡಿಯೂ ಇರಬೇಕೆಂದು ಕೇಂದ್ರ ಸರಕಾರವು ವಿಧಿಸಿತು, ಆಟೋರಿಕ್ಷಾಗಳಿಗೆ ವಿನಾಯಿತಿಯಿತ್ತಿತು. ಕೇರಳದ ಮೋಟಾರು ವಾಹನ ಇಲಾಖೆಯು 2023ರಲ್ಲಿ 'ವಿದ್ಯಾವಾಹನ್' ಎಂಬ ಆಪನ್ನು ಹೊರತಂದು, ಶಾಲೆಯ ಬಸ್ಸಿನ ಇರವನ್ನು ಪೋಷಕರು ತಮ್ಮ ಫೋನಿನಲ್ಲಿ ನೋಡುವಂತೆ ಮಾಡಿತು. ಮಳೆಗಾಲದ ಸಂಜೆ ರಸ್ತೆಯ ಬದಿಯಲ್ಲಿ ಕೊಡೆ ಹಿಡಿದು ಕಾಯುವ ತಾಯಂದಿರಿಗೆ ಇದರ ಬೆಲೆಯನ್ನು ನಾವು ಹೇಳಬೇಕಾದುದಿಲ್ಲ.

ಇಷ್ಟೆಲ್ಲ ಗುಣಗಳಿದ್ದರೂ ಯಂತ್ರಕ್ಕೆ ತನ್ನದೇ ಆದ ಮಿತಿಯಿದೆ. ಸುರಂಗದಲ್ಲಿಯೂ ಎತ್ತರದ ಕಟ್ಟಡಗಳ ನಡುವೆಯೂ ಅದು ತಪ್ಪುವುದುಂಟು. ಅದಕ್ಕಿಂತ ದೊಡ್ಡ ಮಿತಿಯೊಂದಿದೆ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಮೀನಿನ ಲಾರಿಯ ಡ್ರೈವರನಾಗಿದ್ದಾನೆ. ಅವನ ಒಡೆಯರು ಲಾರಿಗೆ ಈ ಪೆಟ್ಟಿಗೆಯನ್ನು ಇರಿಸಿದ ಹೊಸತರಲ್ಲಿ, ಒಂದು ರಾತ್ರಿ ಲಾರಿಯು ದಾರಿಯ ಪೇಟೆಯೊಂದರಲ್ಲಿ ಐವತ್ತು ನಿಮಿಷ ನಿಂತುದು ಫೋನಿನಲ್ಲಿ ಕಂಡಿತು. ಡ್ರೈವರನು ನಿದ್ದೆ ಹೋದನೆಂದೇ ಒಡೆಯರು ಬಗೆದು, ಆ ದಿನದ ಭತ್ಯೆಯನ್ನು ಹಿಡಿದರು. ಅವನು ಎದುರುಮಾತನಾಡಲಿಲ್ಲ. ಎರಡು ದಿನಗಳ ಮೇಲೆ ಮಾರುಕಟ್ಟೆಯ ವ್ಯಾಪಾರಿಯು ಫೋನು ಮಾಡಿ, ಅಂದು ಬಂದ ಲಾರಿಗಳಲ್ಲಿ ಇದೊಂದರ ಮೀನು ಮಾತ್ರ ತಾಜಾ ಇತ್ತೆಂದು ಹೇಳಿದಾಗ ಸಂಗತಿಯು ಹೊರಬಿದ್ದಿತು. ಮುಂದೆ ರಸ್ತೆಯು ಕಟ್ಟಿಹೋಗಿದೆಯೆಂದು ಕೇಳಿ, ಇದ್ದ ಐಸು ಸಾಲದೆಂದು ಅಂದಾಜುಮಾಡಿ, ಮುಚ್ಚಿದ್ದ ಐಸು ಕಾರ್ಖಾನೆಯವರನ್ನು ಎಬ್ಬಿಸಿ, ಅವನು ಐಸನ್ನು ತುಂಬಿಸಿಕೊಂಡಿದ್ದನು. ಒಡೆಯರು ಹಿಡಿದ ಭತ್ಯೆಯನ್ನು ಮರಳಿ ಕೊಟ್ಟರು. "ಮೊದಲೇ ಏಕೆ ಹೇಳಲಿಲ್ಲ ಮಾರಾಯಾ?" ಎಂದು ನಾವು ಕೇಳಿದುದಕ್ಕೆ, "ಅವರು ಕೇಳಲಿಲ್ಲ ಸಾರ್, ಫೋನನ್ನೇ ನೋಡಿದರು" ಎಂದು ಅವನು ಉತ್ತರವಿತ್ತನು.

ಆ ಉತ್ತರದಲ್ಲಿ ಈ ಲೇಖನದ ಮುಖ್ಯಾಂಶವು ಅಡಗಿದೆ. ವಾಹನವು ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು ಎಂಬುದನ್ನು ಯಂತ್ರವು ಹೇಳಬಲ್ಲದು. ಏಕೆ ನಿಂತಿತೆಂಬುದನ್ನು ಮನುಷ್ಯನೇ ಮನುಷ್ಯನನ್ನು ಕೇಳಿ ತಿಳಿಯಬೇಕು. ಲೆಕ್ಕದ ಪುಸ್ತಕವು ಒಬ್ಬರ ಕೈಯಲ್ಲಿ ಮಾತ್ರವಿದ್ದರೆ ಅದು ಇನ್ನೊಬ್ಬರಿಗೆ ಬೆತ್ತವಾಗುತ್ತದೆ. ಇಬ್ಬರೂ ನೋಡುವಂತಿದ್ದರೆ ಇಬ್ಬರಿಗೂ ರಕ್ಷೆಯಾಗುತ್ತದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು, ತನ್ನ ವ್ಯಾಪ್ತಿಗೆ ಬರುವ ಸಂಸ್ಥೆಗಳಲ್ಲಿ, ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸಬಾರದೆಂದೂ ನಡುವೆ ವಿಶ್ರಾಂತಿಯನ್ನು ಕೊಡಬೇಕೆಂದೂ ವಿಧಿಸಿತು. ಡ್ರೈವರನು ಅರ್ಧ ಗಂಟೆ ಸುಮ್ಮನೆ ನಿಂತುದನ್ನು ತೋರಿಸುವ ಪೆಟ್ಟಿಗೆಯೇ, ಅವನನ್ನು ಹದಿನಾಲ್ಕು ಗಂಟೆ ಬಿಡುವಿಲ್ಲದೆ ಓಡಿಸಿದುದನ್ನೂ ತೋರಿಸುತ್ತದೆ. ನಿದ್ದೆಗೆಟ್ಟ ಡ್ರೈವರನ ಕೈಯಲ್ಲಿ ಅವನ ಪ್ರಾಣವೂ ಎದುರಿನಿಂದ ಬರುವವರ ಪ್ರಾಣವೂ ಇರುವುದರಿಂದ ಇದು ಒಡೆಯನೂ ಓದಬೇಕಾದ ಲೆಕ್ಕವಾಗಿದೆ.

ಒಬ್ಬನು ಹೋಗುವ ಬರುವ ಜಾಡು ಅವನ ಬಾಳಿನ ಗುಟ್ಟುಗಳಲ್ಲಿ ಒಂದು ಎಂಬುದನ್ನೂ ಮರೆಯಲಾಗದು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ವ್ಯಾಜ್ಯದಲ್ಲಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರು ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು ಏಕಾಭಿಪ್ರಾಯದಿಂದ ಸಾರಿದರು. ದುಡಿಮೆಯ ಹೊತ್ತಿನಲ್ಲಿ ವಾಹನದ ಜಾಡನ್ನು ನೋಡುವುದು ಒಡೆಯನಿಗೆ ಸಲ್ಲುತ್ತದೆ. ದುಡಿಮೆ ಮುಗಿದ ಮೇಲೆ ಮನುಷ್ಯನ ಜಾಡನ್ನು ಹಿಡಿಯುವುದು ಸಲ್ಲದು. ನೋಡುತ್ತಿರುವ ಸಂಗತಿಯನ್ನು ಮುಂಚಿತವಾಗಿ ತಿಳಿಸಿ ನೋಡುವುದು ನ್ಯಾಯ. ಕದ್ದು ನೋಡುವುದು ಅನ್ಯಾಯ.

ಪೋಷಕರಲ್ಲಿಯೂ ನಮ್ಮದೊಂದು ಬಿನ್ನಹವಿದೆ. ಮಕ್ಕಳ ಫೋನಿನಲ್ಲಿಯೂ ಇದೇ ಯಂತ್ರವಿದೆ. ಚಿಕ್ಕ ಮಗುವಿನ ಬಸ್ಸು ಎಲ್ಲಿದೆಯೆಂದು ನೋಡುವುದು ಉಚಿತವೇ. ಆದರೆ ಬೆಳೆದ ಮಗನು, ಬೆಳೆದ ಮಗಳು ಎಲ್ಲಿಗೆ ಹೋದರೆಂದು ಫೋನನ್ನು ಕೇಳುವ ಮೊದಲು ಅವರನ್ನೇ ಕೇಳೋಣ. ಹೇಳಲು ಅವರು ಅಂಜದಂತೆ ಕೇಳೋಣ. ವಿದ್ಯಾರ್ಥಿಗಳೂ ಹೋಗುವ ಜಾಗವನ್ನು ಮನೆಯಲ್ಲಿ ಹೇಳಿಯೇ ಹೋಗುವ, ತಲುಪಿದೊಡನೆ ಒಂದು ಮಾತು ತಿಳಿಸುವ ಹಿಂದಿನವರ ಪದ್ಧತಿಯನ್ನು ಬಿಡದಿರಲಿ. ತಲುಪಿದನೆಂಬುದನ್ನು ಈಗ ಭೂಪಟದ ಮೇಲಿನ ಚುಕ್ಕೆಯೂ ಹೇಳುತ್ತದೆ. ಕ್ಷೇಮವಾಗಿದ್ದೇನೆಂಬುದನ್ನು ಮಾತ್ರ ಹೋದವನೇ ಹೇಳಬೇಕು.